ಚುಕ್ಕೆಗಳೊಳಗಿನ ಅಂಕಿ

ಹನ್ನೆರಡನೇ ತರಗತಿಯವರಿಗೆ ನಮ್ಮ ಶಾಲೆಯಲ್ಲಿ ಜೀವವಿಜ್ಞಾನದ ಮೂರು ಐಚ್ಛಿಕ ವಿಷಯಗಳಿವೆ. ಸಸ್ಯಗಳದ್ದು ಸುಲಭವೆಂದು ಸೋಮಾರಿಗಳೆಲ್ಲ ಅದಕ್ಕೆ ಮುಗಿಬೀಳುತ್ತಾರೆ. ಸೂಕ್ಷ್ಮಜೀವಿಗಳದ್ದಕ್ಕೆ ವಾಸನೆ ತಡೆದುಕೊಳ್ಳುವವರು ಹೋಗುತ್ತಾರೆ. ಮೂರನೆಯದು ನನ್ನದು, ಮಾನವ ಅನುವಂಶೀಯತೆ. ಇದಕ್ಕೆ ಬರುವವರು ಕಡಿಮೆ, ಯಾಕೆಂದರೆ ನಾನು ಬೈಯುತ್ತೇನೆ. ಇಪ್ಪತ್ತೊಂದು ವರ್ಷದಿಂದ ಬೈಯುತ್ತಲೇ ಬಂದಿದ್ದೇನೆ, ಅದರಿಂದ ಯಾರೂ ಕೆಟ್ಟುಹೋಗಿಲ್ಲ.

ಈ ವರ್ಷ ಹದಿನಾಲ್ಕು ಮಂದಿ ಸೇರಿದ್ದರು. ಅವರಲ್ಲಿ ಒಬ್ಬ ನನ್ನ ಮಗ. ತರಗತಿಯಲ್ಲಿ ಮೇಡಂ, ಮನೆಯಲ್ಲಿ ಅಮ್ಮ ಎಂದು ಮೊದಲ ದಿನವೇ ತಾಕೀತು ಮಾಡಿದ್ದೆ. ಅವನೋ ಮನೆಯಲ್ಲೂ ಬೇಕೆಂದೇ ಮೇಡಂ ಎಂದು ಕರೆದು ನನ್ನನ್ನು ರೇಗಿಸುತ್ತಿದ್ದ. ನನ್ನ ಮೇಲಿನ ಮೋಹದಿಂದೇನೂ ಅವನು ಈ ವಿಷಯ ತೆಗೆದುಕೊಂಡಿರಲಿಲ್ಲ. ಆಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡಬೇಕೆಂಬುದು ಅವನ ಹಟ. ಬಾಯಿಬಿಡದವರ ಬಂಡವಾಳವೂ ಒಂದು ಹನಿ ರಕ್ತದಲ್ಲಿ ಬಯಲಾಗುತ್ತದೆ ಎನ್ನುತ್ತಿದ್ದ. ಆ ಕೆಲಸ ಕಲಿಸುವ ಕೋರ್ಸಿಗೆ ಅರ್ಜಿ ಹಾಕುವಾಗ ನನ್ನ ವಿಷಯದ ಅಂಕಗಳ ಜೊತೆ ಒಂದು ಆರೋಗ್ಯದ ಹಾಳೆಯೂ ಹೋಗಬೇಕು. ಎತ್ತರ, ತೂಕ, ನಾಡಿಬಡಿತ, ಬಣ್ಣ ಗುರುತಿಸುವ ಶಕ್ತಿ ಎಲ್ಲವನ್ನೂ ಪ್ರಾಯೋಗಿಕ ತರಗತಿಯಲ್ಲೇ ನೋಡಿ ತುಂಬಿಸಿ, ಕೆಳಗೆ ನಾನು ಸಹಿ ಹಾಕುವುದು ನಮ್ಮಲ್ಲಿ ನಡೆದುಬಂದ ಕ್ರಮ.

ಬಣ್ಣದ ಪರೀಕ್ಷೆಗೆ ಒಂದು ಪುಸ್ತಕವಿದೆ. ಪುಟದ ತುಂಬ ಚುಕ್ಕೆಗಳು, ಅವುಗಳ ನಡುವೆ ಬೇರೆ ಬಣ್ಣದ ಚುಕ್ಕೆಗಳಲ್ಲೇ ಬರೆದ ಅಂಕಿ. ಕೆಂಪು, ಹಸಿರು ಬೇರೆಬೇರೆಯಾಗಿ ಕಾಣುವವರಿಗೆ ಅಂಕಿ ಎದ್ದು ಕಾಣುತ್ತದೆ, ಉಳಿದವರಿಗೆ ಬರೀ ಚುಕ್ಕೆ. ಶಾಲೆಯಲ್ಲಿಟ್ಟರೆ ಹಾಳೆಗಳು ಮಾಯವಾಗುತ್ತವೆಂದು ಅದನ್ನು ನಮ್ಮ ಮನೆಯ ಕಪಾಟಿನಲ್ಲೇ ಇಟ್ಟಿರುತ್ತೇನೆ. ಈ ಸಲ ಅದರ ಹೊಲಿಗೆ ಬಿಚ್ಚಿಹೋಗಿತ್ತು. ಲ್ಯಾಬಿನ ಅಟೆಂಡರನಿಗೆ ಕೊಟ್ಟೆ. ಮುರಿದದ್ದು ಏನು ಸಿಕ್ಕಿದರೂ ಅಂಟಿಸಿಬಿಡುವ ಅವನನ್ನು ಮಕ್ಕಳೆಲ್ಲ ಅಂಟುಮಾಮ ಎನ್ನುತ್ತಾರೆ. ಎರಡೇ ದಿನದಲ್ಲಿ ಹೊಸ ರಟ್ಟು ಹಾಕಿ, ಅಂಚು ಕತ್ತರಿಸಿ, ಚೊಕ್ಕವಾಗಿ ಮಾಡಿ ತಂದ. ಕತ್ತರಿಸಿದ ಅಂಚಿನ ಜೊತೆ ಪುಟಸಂಖ್ಯೆಗಳೂ ಹೋಗಿದ್ದವು. ಮೊದಲ ಪುಟವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಮನಸ್ಸಿಗೆ ಬಂದ ಹಾಗೆ ಜೋಡಿಸಿದ್ದ. ಕೇಳಿದರೆ, ಇದೇನು ಕಥೆಪುಸ್ತಕವೇ ಮೇಡಂ, ಎಲ್ಲಿಂದ ನೋಡಿದರೂ ಚುಕ್ಕೆ ತಾನೇ ಎಂದ. ಅದೂ ಸರಿಯೇ ಎನ್ನಿಸಿ ಸುಮ್ಮನಾದೆ.

ಪರೀಕ್ಷೆಯ ದಿನ ಒಬ್ಬೊಬ್ಬರನ್ನೇ ಕಿಟಕಿಯ ಪಕ್ಕ ಕೂರಿಸಿ ಪುಟ ತಿರುವುತ್ತಾ ಹೋದೆ. ಮಗನ ಸರದಿ ಬಂತು. ಮೊದಲ ಪುಟದ ಅಂಕಿ ಎಲ್ಲರಿಗೂ ಕಾಣುವಂಥದ್ದು, ಹೇಳಿದ. ಎರಡನೆಯದಕ್ಕೆ ಎಂಟು ಎಂದ. ಅಲ್ಲಿದ್ದದ್ದು ಎಪ್ಪತ್ತನಾಲ್ಕು. ಮುಂದಿನದಕ್ಕೆ ಆರು ಎಂದ. ಅಲ್ಲಿದ್ದದ್ದು ಐದು. ಹಿಂದೆ ನಿಂತವರು ಕಿಸಕ್ಕೆಂದು ನಕ್ಕರು. ನಾನೂ ತಮಾಷೆ ಎಂದುಕೊಂಡು, ತಲೆಹರಟೆ ಸಾಕು, ಸರಿಯಾಗಿ ಹೇಳು ಎಂದು ಗದರಿ ಇನ್ನೊಂದು ಪುಟ ತಿರುವಿದೆ. ಅವನು ಇನ್ನಷ್ಟು ಬಾಗಿ ನೋಡಿ, ಇಪ್ಪತ್ತೊಂಬತ್ತು ಎಂದ.

ಎಂಟು, ಆರು, ಇಪ್ಪತ್ತೊಂಬತ್ತು. ಅದು ಹೊಲಿಗೆ ಬಿಚ್ಚುವ ಮೊದಲು ಪುಸ್ತಕದಲ್ಲಿದ್ದ ಕ್ರಮ. ಅವನು ಅಂಕಿಗಳನ್ನು ನೋಡುತ್ತಿರಲಿಲ್ಲ, ಬಾಯಿಪಾಠ ಒಪ್ಪಿಸುತ್ತಿದ್ದ. ಪುಸ್ತಕ ಮುಚ್ಚಿ, ನಿನ್ನ ಹುಡುಗಾಟ ಮುಗಿದ ಮೇಲೆ ಬಾ ಎಂದು ಎಬ್ಬಿಸಿ, ಮುಂದಿನವಳನ್ನು ಕರೆದೆ. ಉಳಿದ ಐವರನ್ನು ಹೇಗೆ ಮುಗಿಸಿದೆನೋ ನನಗೇ ನೆನಪಿಲ್ಲ.

ಹಿಂದಿನ ದಿನ ಬರೆದ ವಂಶವೃಕ್ಷ ಬೋರ್ಡಿನ ಮೇಲೆ ಹಾಗೇ ಇತ್ತು. ವರ್ಣಾಂಧತೆಯ ಅಜ್ಜ, ಏನೂ ತೊಂದರೆಯಿಲ್ಲದೆ ಅದನ್ನು ಹೊತ್ತ ಅವನ ಮಗಳು, ಅವಳಿಂದ ಅದನ್ನು ಪಡೆದ ಮೊಮ್ಮಗ. ಪ್ರತಿವರ್ಷವೂ ಬರೆಯುತ್ತೇನೆ, ಬರೆದು ಒರೆಸುತ್ತೇನೆ. ನಮ್ಮಪ್ಪ ದರ್ಜಿ. ಬಟ್ಟೆಗೆ ಹೊಂದುವ ದಾರ ಆರಿಸಲು ಪ್ರತಿಸಲವೂ ಅಮ್ಮನನ್ನೇ ಕರೆಯುತ್ತಿದ್ದರು. ನಿನ್ನ ಕೈಗುಣ ಒಳ್ಳೆಯದು ಎನ್ನುತ್ತಿದ್ದರು. ಅದನ್ನು ಪ್ರೀತಿ ಎಂದುಕೊಂಡು ಮಕ್ಕಳೆಲ್ಲ ಮುಸಿಮುಸಿ ನಗುತ್ತಿದ್ದೆವು. ಇನ್ನು ನನ್ನ ಮಗ ಒಂದು ಕಾಲಿಗೆ ಹಸಿರು, ಒಂದು ಕಾಲಿಗೆ ಕಂದು ಕಾಲುಚೀಲ ಹಾಕಿಕೊಂಡು ಹೊರಟಾಗಲೆಲ್ಲ, ಮೈಮೇಲೆ ಗ್ಯಾನವಿಲ್ಲದವನು ಎಂದು ಬೈದಿದ್ದೇನೆ. ಊರ ಮಕ್ಕಳಿಗೆಲ್ಲ ಪಾಠ ಹೇಳಿದವಳು ನಾನು, ನನ್ನ ಮನೆಯೊಳಗಿನದನ್ನೇ ನೋಡಲಿಲ್ಲ. ನಾಚಿಕೆಯಾಯಿತು. ಸಿಟ್ಟೂ ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ.

ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಕೇಳಿದೆ.

"ಯಾವಾಗಿಂದ ಗೊತ್ತು?"

"ಎರಡು ವರ್ಷ ಆಯ್ತು. ಕಪಾಟಲ್ಲಿದ್ದ ಪುಸ್ತಕ ತೆಗೆದು ನೋಡ್ದೆ. ಮೊದಲನೇ ಪುಟ ಬಿಟ್ಟು ಬೇರೇನೂ ಕಾಣಿಸ್ಲಿಲ್ಲ. ಕೊನೇಲಿ ಉತ್ತರ ಇತ್ತಲ್ಲ, ಬಾಯಿಪಾಠ ಮಾಡ್ಕೊಂಡೆ."

ನನಗೊಂದು ಮಾತು ಹೇಳಲು ನಿನಗೇನು ಧಾಡಿಯಾಗಿತ್ತು ಎಂದು ಕೂಗಾಡಿದೆ. ಅವನು ಬೆರಳಿನ ಉಗುರು ಕೀಳುತ್ತಾ ನಿಂತ.

"ಅಮ್ಮನಿಂದ ಮಗನಿಗೆ ಬರುತ್ತೆ ಅಂತ ನಿನ್ನ ನೋಟ್ಸಲ್ಲೇ ಓದಿದ್ದೆ. ನಿಂಗೆ ಗೊತ್ತಾಗೋದು ಬೇಡ ಅನ್ನಿಸ್ತು," ಎಂದ.

ಇದರಲ್ಲಿ ಯಾರ ತಪ್ಪೂ ಇರುವುದಿಲ್ಲ ಎಂದು ಪ್ರತಿವರ್ಷ ಈ ಪಾಠದ ಕೊನೆಗೆ ಹೇಳುತ್ತೇನೆ. ಅದನ್ನು ಅವನಿಗೆ ಹೇಳುವ ಬದಲು ಆ ಕೋರ್ಸಿನ ಕಚೇರಿಗೆ ಫೋನ್ ಮಾಡಿ, ನನ್ನ ವಿದ್ಯಾರ್ಥಿಯೊಬ್ಬನ ವಿಷಯ ಎಂದು ಸುಳ್ಳೂ ಅಲ್ಲದ ನಿಜವೂ ಅಲ್ಲದ ಮಾತು ಹೇಳಿದೆ. ಅತ್ತಲಿಂದ ಒಬ್ಬ ಗುಮಾಸ್ತೆ ಬಹಳ ಮರ್ಯಾದೆಯಿಂದಲೇ ವಿವರಿಸಿದಳು: ಬಣ್ಣ ಹಾಕಿದ ರಕ್ತದ ಸ್ಲೈಡುಗಳನ್ನು ಓದುವ ಕೆಲಸವಾದ್ದರಿಂದ ಅಲ್ಲಿ ವಿನಾಯಿತಿಯಿಲ್ಲ. ಸೇರುವ ದಿನ ಅವರದ್ದೇ ಪುಸ್ತಕದಲ್ಲಿ ಮತ್ತೊಮ್ಮೆ ನೋಡುತ್ತಾರಂತೆ.

ಆದರೂ ಆ ಆರೋಗ್ಯದ ಹಾಳೆಯನ್ನು ಮೇಜಿನ ಮೇಲೆ ಹರಡಿಕೊಂಡು ಕೂತಾಗ ನನ್ನ ಬಾಯಿಂದ ಬಂದದ್ದು ಬೇರೆಯೇ. ಯಾರದೋ ಅಂಕದಲ್ಲಿ ಅರ್ಧ ಅಂಕ ಹೆಚ್ಚುಕಡಿಮೆ ಮಾಡದವಳು ನಾನು.

"ಸರಿ ಇದೆ ಅಂತ ಬರೆದುಬಿಡ್ಲೇನೋ? ಮುಂದಿಂದು ಮುಂದೆ ನೋಡ್ಕೊಳ್ಳೋಣ."

ಅವನು ತಕ್ಷಣ ಬೇಡವೆನ್ನಲಿಲ್ಲ. ಅವನ ಕಣ್ಣಲ್ಲಿ ಆಸೆ ಕಂಡಿತು.

"ಬರೆಸ್ಕೊಳ್ಳೋಣ ಅಂತಾನೇ ಇದ್ದೆ ಅಮ್ಮ," ಎಂದ. "ಸ್ಲೈಡಲ್ಲಿ ಬಣ್ಣ ಗೊತ್ತಾಗದಿದ್ರೂ ಆಕಾರ ನೋಡಿ ಹೇಳ್ತೀನಿ ಅಂದ್ಕೊಂಡಿದ್ದೆ. ಆದ್ರೆ ಇವತ್ತು ಪುಸ್ತಕದಲ್ಲಿ ಪುಟ ಅದಲುಬದಲಾಗಿದ್ದೇ ನಂಗೆ ಗೊತ್ತಾಗ್ಲಿಲ್ಲ. ಅದು ಯಾರದೋ ರಕ್ತ ಆಗಿದ್ರೆ?"

ಸಸ್ಯಗಳ ಕಡೆ ಹೋಗಬಹುದು, ನಿನಗೆ ಲೆಕ್ಕ ಚೆನ್ನಾಗಿ ಬರುತ್ತದೆ, ಇನ್ನೂ ಎಷ್ಟೋ ದಾರಿಗಳಿವೆ ಎಂದು ಏನೇನೋ ಒದರಿದೆ. ಅವನು ಎಲ್ಲದಕ್ಕೂ ತಲೆಯಾಡಿಸಿದ. ಒಂದೂ ಅವನ ಕಿವಿಗೆ ಬಿದ್ದಿಲ್ಲವೆಂದು ನನಗೆ ಗೊತ್ತಿತ್ತು. ಆ ಕೆಲಸ ಬಿಟ್ಟು ಬೇರೊಂದನ್ನು ಅವನು ಯಾವತ್ತೂ ಬಯಸಿದವನಲ್ಲ.

ಪೆನ್ನು ತೆಗೆದುಕೊಂಡು ಆ ಖಾನೆಯಲ್ಲಿ 'ಕೆಂಪು-ಹಸಿರು ವರ್ಣಾಂಧತೆ ಇದೆ' ಎಂದು ಬರೆದೆ. ಅಧ್ಯಾಪಕರ ಸಹಿ ಎಂದಿದ್ದಲ್ಲಿ ಸಹಿ ಹಾಕಿ, ಎದ್ದು ಒಳಗೆ ಹೋಗಿಬಿಡಬೇಕೆಂದು ಕುರ್ಚಿ ಸರಿಸಿದೆ. ಅವನು ಹಾಳೆಯನ್ನು ಮೆಲ್ಲಗೆ ನನ್ನ ಕಡೆ ಸರಿಸಿ, ಕೆಳಗಿನ ಗೆರೆಯ ಮೇಲೆ ಬೆರಳಿಟ್ಟ. ಅಲ್ಲಿ 'ತಾಯಿ ಅಥವಾ ತಂದೆಯ ಸಹಿ' ಎಂದು ಅಚ್ಚಾಗಿತ್ತು.

"ಇಲ್ಲೂ ನೀನೇ ಹಾಕ್ಬೇಕಮ್ಮ," ಎಂದ.

ಅದೇ ಸಹಿಯನ್ನು ಇನ್ನೊಂದು ಸಲ ಹಾಕಲು ನನಗೆ ಕೈ ಏಳಲಿಲ್ಲ.