ಮುಖ ನೋಡಿ ಕೊಟ್ಟ ಕಾಫಿ

ಗಿರಾಕಿ ಮೆಟ್ಟಿಲು ಹತ್ತುವಷ್ಟರಲ್ಲಿ ಅವರಿಗೆ ಯಾವ ಕಾಫಿಪುಡಿ ಬೇಕೆಂದು ಹೇಳಿಬಿಡುವುದರಲ್ಲಿ ಹದದಕ್ಕನದು ಎತ್ತಿದ ಕೈ. ಬೀಜ ಹುರಿದು ಪುಡಿ ಮಾಡಿ ಮಾರುವ ಅಂಗಡಿ ಅವಳದು, ಹುರಿಯುವ ಹದ ತಪ್ಪದವಳೆಂದೇ ಬೀದಿಯವರು ಇಟ್ಟ ಹೆಸರು ಅದು. ಅವಳ ಬೆನ್ನ ಹಿಂದೆ ಎರಡು ದೊಡ್ಡ ತಗಡಿನ ಡಬ್ಬ. ಎಡಕ್ಕೆ ಲೈಟು, ಅಂದರೆ ಬೀಜ ಚಿಟಪಟ ಎಂದೊಡನೆ ಇಳಿಸಿದ ಕಂದು ಬಣ್ಣದ್ದು. ಬಲಕ್ಕೆ ಡಾರ್ಕು, ಇನ್ನೂ ಹುರಿದು ಎಣ್ಣೆ ಬಿಟ್ಟು ಮಿರಿಮಿರಿ ಕಪ್ಪಾದದ್ದು.

“ಕೇಳೋದೇನು? ಮುಖದಲ್ಲೇ ಬರೆದಿರುತ್ತೆ,” ಎಂದು ಅವಳು ಚಮಚ ಎತ್ತುತ್ತಿದ್ದಳು. ಗಿರಾಕಿಗಳು ನಗುತ್ತಿದ್ದರು. ನಕ್ಕವರೆಲ್ಲ ಒಪ್ಪಿದವರೇ ಎಂದು ಅವಳು ನಂಬಿದ್ದಳು.

ಬೀಸುವ ಯಂತ್ರದ ಹತ್ತಿರ ಕೂರುವವಳು ಅವಳ ನಾದಿನಿ. ಯಂತ್ರ ನಿಂತರೂ ಅವಳ ಬಾಯಿ ನಿಲ್ಲುತ್ತಿರಲಿಲ್ಲ.

ಮಗನ ಮದುವೆಯಾಗಿ ಸೊಸೆ ಮನೆಗೆ ಬಂದ ಮೇಲೆ ಹದದಕ್ಕನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಹೆಣ್ಣುಮಕ್ಕಳಿಲ್ಲದ ಮನೆ ಅದು. “ಸೊಸೆ ಅಲ್ಲ ಕಣ್ರೀ, ಮಗಳು,” ಎಂದು ಬೀದಿಗೆಲ್ಲ ಸಾರಿದ್ದಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ಎಣ್ಣೆಗಪ್ಪು ಬಣ್ಣ, ಮಿತ ಮಾತು. ಮನೆಮಂದಿಗೆಲ್ಲ ಲೈಟು ಕಾಫಿಯಾದರೆ, ಸೊಸೆಗೆ ಮಾತ್ರ ಹದದಕ್ಕ ದಿನವೂ ಬೇರೆ ಪಾತ್ರೆಯಲ್ಲಿ ಡಾರ್ಕು ಮಾಡಿಕೊಡುತ್ತಿದ್ದಳು. ಹುಡುಗಿ ತುಟಿ ಪಿಟಕ್ಕೆನ್ನದೆ ಗಟಗಟ ಕುಡಿದು ಲೋಟ ತೊಳೆದಿಡುತ್ತಿದ್ದಳು. “ಒಂದೇ ಉಸಿರಿಗೆ ಖಾಲಿ ಮಾಡ್ತಾಳೆ, ಅಷ್ಟು ಇಷ್ಟ,” ಎಂದು ಹದದಕ್ಕ ಅದನ್ನೂ ಬೀದಿಗೆ ಸಾರಿದ್ದಳು.

ಒಂದು ಮಧ್ಯಾಹ್ನ ಬೀಗಿತಿ, ಎಂದರೆ ಸೊಸೆಯ ತಾಯಿ, ಪುಡಿ ಒಯ್ಯಲು ಅಂಗಡಿಗೆ ಬಂದಳು. ತಾಯಿ ಬೆಳ್ಳಗೆ, ಮಗಳಿಗೆ ಬಂದದ್ದು ತಂದೆಯ ಬಣ್ಣ.

“ಬನ್ನಿ ಬೀಗ್ತಿ, ಬನ್ನಿ! ಬಾಯಿ ತೆರೀಬೇಡಿ, ನಾನೇ ಹೇಳ್ತೀನಿ. ಲೈಟು!”

“ಅಯ್ಯೋ, ಹೇಗೆ ಕಂಡುಹಿಡಿದ್ರಿ? ನಮ್ಮನೇಲಿ ಎಲ್ಲರೂ ಲೈಟೇ,” ಎಂದು ಬೀಗಿತಿ ನಕ್ಕಳು. “ಅದರಲ್ಲೂ ನಮ್ಮ ಹುಡುಗಿ ಇದಾಳಲ್ಲ, ಚಿಕ್ಕಂದಿನಿಂದ ಕಹಿ ಅಂದ್ರೆ ಮಾರು ದೂರ. ಡಾರ್ಕು ಮೂಸಿದ್ರೂ ಮುಖ ಕಿವುಚ್ತಾಳೆ.”

ಹದದಕ್ಕನ ಚಮಚ ಗಾಳಿಯಲ್ಲೇ ನಿಂತಿತು. “ನಮ್ಮಲ್ಲಿ ಡಾರ್ಕೇ ಕುಡಿತಾಳಲ್ಲ! ದಿನಾ!”

“ನಮ್ಮ ಹುಡುಗೀನಾ? ಅವಳೇ ಕೇಳಿದ್ಲಾ?”

ಹದದಕ್ಕ ನೆನಪಿನ ಚೀಲವನ್ನೆಲ್ಲ ಕೊಡವಿದಳು. ಹುಡುಗಿ ಕೇಳಿದ್ದು ಎಲ್ಲೂ ಸಿಗಲಿಲ್ಲ. ಬೀಗಿತಿಯ ಮುಖದ ನಗು ಮೆಲ್ಲಗೆ ಇಳಿಯಿತು. ‘ಬೇಡ’ ಎನ್ನಲೂ ಮಗಳಿಗೆ ಆ ಮನೆಯಲ್ಲಿ ಬಾಯಿಲ್ಲವೇ ಎಂದು ಆ ತಾಯಿಯ ಬಾಯಿ ಕೇಳಲಿಲ್ಲ, ಕಣ್ಣು ಕೇಳಿತು. ಪೊಟ್ಟಣ ಕೈಯಲ್ಲಿ ಹಿಡಿದು ಹೊರಟುಹೋದಳು.

“ನಾನು ಮುಖ ನೋಡಿ ಹೇಳಿದ್ದು ತಪ್ಪಿದ್ದೇ ಇಲ್ವಲ್ಲೇ,” ಎಂದು ಹದದಕ್ಕ ನಾದಿನಿಯತ್ತ ತಿರುಗಿದಳು.

“ನೀನೆಲ್ಲಿ ಮುಖ ನೋಡ್ತೀಯ ಅತ್ತಿಗೆ? ಬಣ್ಣ ನೋಡ್ತೀಯ. ಬೆಳ್ಳಗಿದ್ರೆ ಎಡಗಡೆ ಡಬ್ಬ, ಕಪ್ಪಗಿದ್ರೆ ಬಲಗಡೆ.”

“ನಾಲಿಗೆ ಬಿಗಿಹಿಡಿ. ನಾನು ಅಂಥವಳಾ?”

“ಅಂಥವಳಲ್ಲ ಅಂತಲೇ ಇಷ್ಟು ದಿನ ಸುಮ್ನಿದ್ದೆ. ಬೇಕೂಂತ ಮಾಡೋಳಾಗಿದ್ರೆ ಯಾವತ್ತೋ ಜಗಳ ಆಡ್ತಿದ್ದೆ.”

ಜವಾಬು ಕೊಡಲು ಹದದಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಮೂಟೆ ಹೊರುವ ಹಮಾಲಿಯೊಬ್ಬ ಬೆವರೊರೆಸುತ್ತ ಮೆಟ್ಟಿಲು ಹತ್ತಿದ. ಹೊಸಬ, ಕಪ್ಪು ಆಳು. ಅವನು ಇನ್ನೂ ಬಾಯಿ ತೆರೆದಿರಲಿಲ್ಲ. ಹದದಕ್ಕ ನೋಡಿದರೆ ತನ್ನ ಕೈ ಆಗಲೇ ಬಲಗಡೆಯ ಡಬ್ಬದ ಮುಚ್ಚಳದ ಮೇಲಿತ್ತು. ಬಿಸಿ ಬಾಣಲೆ ಮುಟ್ಟಿದವಳಂತೆ ಕೈ ಹಿಂದಕ್ಕೆಳೆದುಕೊಂಡಳು.

“ಏನು... ಯಾವುದು ಬೇಕಪ್ಪಾ?”

“ಡಾರ್ಕೇ ಕೊಡಿ ಅಕ್ಕ.”

ಊಹೆ ಸರಿಯಾಗಿಯೇ ಇತ್ತು. ಆದರೂ ಅವಳು ತಲೆ ಎತ್ತಲಿಲ್ಲ. ಎಷ್ಟು ಜನ ತಾನು ಕೊಟ್ಟದ್ದನ್ನು ನಕ್ಕು ಒಯ್ದಿದ್ದಾರೋ, ಅದರಲ್ಲಿ ಎಷ್ಟು ಜನ ಬೀದಿ ತಿರುವಿನಲ್ಲಿ ನಗು ನಿಲ್ಲಿಸಿದ್ದಾರೋ! ತನ್ನ ಬೆನ್ನು ತನಗೆ ಕಾಣದು ಅನ್ನುತ್ತಾರೆ, ಊರಿಗೆಲ್ಲ ಕಂಡಿರುತ್ತದೆ.

ಸಂಜೆ ಸೊಸೆ ಬಂದು ಚಪ್ಪಲಿ ಬಿಡುತ್ತಿದ್ದಾಗ ಹದದಕ್ಕ ಅಡುಗೆಮನೆಯಿಂದಲೇ ಹೇಳಿದಳು: “ನಿಮ್ಮಮ್ಮ ಅಂಗಡಿಗೆ ಬಂದಿದ್ರು. ನಿನಗೆ ಕಹಿ ಆಗಲ್ವಂತೆ.”

ಸೊಸೆ ಅಲ್ಲೇ ನಿಂತಳು. “ಅಮ್ಮನ ಬಾಯೇ ಹಾಗೆ. ಏನೇನೋ ಹೇಳ್ತಾರೆ.”

“ಸುಳ್ಳು ಹೇಳಬೇಡ ಕಣೇ. ಔಷಧಿ ಕುಡಿಯೋ ಹಾಗೆ ಉಸಿರು ಹಿಡಿದು ಕುಡಿತಿದ್ದೆಯಲ್ಲ. ಬೇಡ ಅತ್ತೆ ಅಂತ ಒಂದು ಮಾತು ಅನ್ನಬಾರದಿತ್ತಾ?”

“ನೀವು ಕೇಳಲಿಲ್ವಲ್ಲ ಅತ್ತೆ.”

ಮಾತಿನಲ್ಲಿ ಮುಳ್ಳಿರಲಿಲ್ಲ. ಅದಕ್ಕೇ ಇನ್ನೂ ಆಳಕ್ಕಿಳಿಯಿತು. ಹದದಕ್ಕ ಸೌಟನ್ನು ಕೆಳಗಿಟ್ಟಳು. “ನಾನು ಯಾಕೆ ಅದನ್ನೇ ಕೊಟ್ಟೆ ಅಂತ... ನಿನಗೆ ಗೊತ್ತಿತ್ತಾ?”

ಸೊಸೆ ನೆಲ ನೋಡಿದಳು. “ಗೊತ್ತಿತ್ತು.”

“ಯಾವಾಗಿಂದ?”

“ಮೊದಲನೇ ದಿನದಿಂದ. ಸ್ಕೂಲಿನಿಂದ ಇದೇ ನೋಡಿದ್ದೀನಿ, ಬೇಗ ಗೊತ್ತಾಗುತ್ತೆ. ಬೇಡ ಅಂದ್ರೆ ಯಾಕೆ ಅಂತ ಕೇಳ್ತಿದ್ರಿ. ಮಾತಿಗೆ ಮಾತು ಬೆಳೆದು ನಿಮಗೇ ಹೊಳೆದುಬಿಡೋದು. ಪಾಪ, ಎಷ್ಟು ಅಕ್ಕರೆಯಿಂದ ಕೊಡ್ತಿದ್ರಿ. ನಿಮಗೆ ನಾಚಿಕೆ ಆಗಬಾರದು ಅಂತ ಕುಡಿದುಬಿಡ್ತಿದ್ದೆ.”

ಬೈದಿದ್ದರೆ ತಲೆ ತಗ್ಗಿಸಿ ಹೊತ್ತುಕೊಳ್ಳಬಹುದಿತ್ತು. ಈ ‘ಪಾಪ’ವನ್ನು ಎಲ್ಲಿ ಇಟ್ಟುಕೊಳ್ಳುವುದು? ಮಗಳು ಮಗಳು ಎಂದು ಊರೆಲ್ಲ ಸಾರಿದವಳು ತಾನು. ಈ ಹುಡುಗಿ ದಿನಬೆಳಗಾದರೆ ತನ್ನ ಮಾನವನ್ನು ಕಹಿಯ ಜೊತೆ ನುಂಗಿ ಕಾಪಾಡುತ್ತಿದ್ದಳು. ತಾಯಿಯ ಹತ್ತಿರ ಯಾವ ಮಗಳೂ ಹಾಗೆ ನುಂಗುವುದಿಲ್ಲ. ಮುಖ ಸಿಂಡರಿಸಿ ಲೋಟ ತಳ್ಳುತ್ತಾಳೆ. ಹದದಕ್ಕನಿಗೆ ತಪ್ಪಾಯಿತು ಎನ್ನಬೇಕೆನಿಸಿತು. ಅದರ ಬದಲು, “ಕೈಕಾಲು ತೊಳ್ಕೋ ಹೋಗು, ಊಟ ಆರುತ್ತೆ,” ಎಂದಳು. ಹೇಳಿದ ಮೇಲೆ ಅದಕ್ಕೂ ನಾಚಿಕೆಯಾಯಿತು.

ಮಾರನೆಯ ಬೆಳಗ್ಗೆ ಒಂದೇ ಪಾತ್ರೆ ಒಲೆಯ ಮೇಲಿತ್ತು, ಅದಕ್ಕೆ ಇನ್ನೂ ಪುಡಿ ಬಿದ್ದಿರಲಿಲ್ಲ. ಹದದಕ್ಕ ಸೊಸೆಯ ಮುಂದೆ ನಿಂತು, ಪರೀಕ್ಷೆಗೆ ಕುಳಿತ ಹುಡುಗಿಯಂತೆ, “ನಿನಗೆ... ಯಾವುದಾಗುತ್ತೆ?” ಎಂದು ಕೇಳಿದಳು. ಅಷ್ಟು ಚಿಕ್ಕ ಪ್ರಶ್ನೆಗೆ ಬೆವರು ಬಂದಿತ್ತು.

“ಲೈಟು.”

ಲೈಟು ಪುಡಿ ಹಾಕಿ ಕಾಫಿ ಮಾಡಿ, ಬಗ್ಗಿಸಿ ಕೊಟ್ಟಳು. ಸೊಸೆ ಒಂದು ಗುಟುಕು ಕುಡಿದು ಹುಬ್ಬು ಗಂಟಿಕ್ಕಿದಳು. ಆಮೇಲೆ ಲೋಟವನ್ನು ಅತ್ತೆಯ ಕಡೆಗೆ ಸರಿಸಿದಳು.

“ನೀರಾಗಿದೆ ಅತ್ತೆ. ಇನ್ನೊಂದು ಚೂರು ಪುಡಿ ಹಾಕಬೇಕಿತ್ತು.”

“ಹಾಕ್ತೀನಿ, ಈಗಲೇ ಹಾಕ್ತೀನಿ,” ಎಂದು ಹದದಕ್ಕ ಗಡಿಬಿಡಿಯಿಂದ ಪಾತ್ರೆ ಎತ್ತಿಕೊಂಡಳು. ಮುಖ ಇನ್ನೂ ಬಿಸಿಯಾಗಿಯೇ ಇತ್ತು. ಒಲೆಯ ಕಡೆ ತಿರುಗಿ ನಿಂತದ್ದು ಸೊಸೆಗೆ ಅದು ಕಾಣದಿರಲಿ ಎಂದೇ.