ಮುಟ್ಟಿ ನೋಡಿದ ಮಾಲು

ಅಕ್ಕೂರಿನ ಅಂಕಯ್ಯ ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಕಾಲಿಟ್ಟನೆಂದರೆ ರೇಷ್ಮೆಗೂಡು ಕೊಳ್ಳುವವರ ಎದೆ ಡವಡವ. ಯಾರಾದರೂ ಅವನ ರಾಶಿಗೆ ಕೈಹಾಕಿ ಗೂಡು ಹಿಚುಕಿದರೋ, ಕೆಟ್ಟರು! "ಲೇ ಸಮದ್, ಮುಟ್ಟಿ ಕೆಡಿಸ್ದೋನೇ ಕೊಂಡ್ಕೊಂಡು ಓಗ್ಬೇಕು ಕಣ್ಲಾ!" ಎಂದು ಮಾರ್ಕೆಟ್ಟೆಲ್ಲ ಕೇಳುವಂತೆ ಕೂಗಿ, ಕೊಳ್ಳಿಸಿಯೇ ಬಿಡುತ್ತಿದ್ದ.

ಇಂಥವನಿಗೂ ಒಂದು ಕೊರಗಿತ್ತು. ಮಗಳು ಸುಚಿತ್ರಾ ತನ್ನ ಸೋದರತ್ತೆ ಮಾರಮ್ಮನ ಮಗ ಯೋಗಾನಂದನನ್ನೇ ಕಟ್ಟಿಕೊಳ್ಳುತ್ತೇನೆಂದು ಹಟ ಹಿಡಿದು ಕೂತಿದ್ದಳು. ಹುಡುಗ ಬಂಗಾರದಂಥವನು, ಯಾರು ಇಲ್ಲವೆಂದರು? ಆದರೆ ಹಾರೋಹಳ್ಳಿಯ ಫ್ಯಾಕ್ಟರಿ ಕೆಲಸ ಬಿಟ್ಟು, ರಾಮನಗರದಲ್ಲಿ ಒಂದು ರೂಮು ಮಾಡಿ, ಗೂಡಿನ ದರ, ಹಿಪ್ಪುನೇರಳೆಯ ರೋಗ ಅಂತ ಇಂಟರ್ನೆಟ್ಟಿನಲ್ಲಿ ಬರೆಯುತ್ತಿದ್ದ. ಅದೂ ಪುಕ್ಕಟೆ! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಅಂಕಯ್ಯ ಉರಿದುಕೊಂಡ. ಒಂದು ದಿನ ವಿಚಾರಿಸಿಯೇ ಬಿಡೋಣವೆಂದು ಮಗಳನ್ನೂ ಕರೆದುಕೊಂಡು ಅವನ ರೂಮಿಗೆ ಹೊರಟ.

"ಬರ್ದಿದ್ದನ್ನ ಮಾರಲ್ಲ ಮಾವ, ಅದರ ಪಕ್ಕದ ಖಾಲಿ ಜಾಗ ಮಾರ್ತೀನಿ," ಎಂದ ಯೋಗಾನಂದ, ಕಂಪ್ಯೂಟರಿನಲ್ಲಿ ತನ್ನ ಪುಟ ತೆಗೆದು ತೋರಿಸುತ್ತಾ. "ಯಾರಾದ್ರೂ ಈ ಪುಟ ತೆಗೆದ್ರೆ ಸಾಕು, ಈ ಜಾಗ ಹರಾಜಿಗೆ ಬೀಳ್ತದೆ. ಗೊಬ್ಬರದೋರು, ಸೀರೆಯೋರು, ಮೊಬೈಲ್‌ನೋರು, ಓದೋನು ಯಾರು ಅಂತ ನೋಡಿ ಕೂಗ್ತಾರೆ. ಜಾಸ್ತಿ ಕೂಗ್ದೋರ ಜಾಹೀರಾತು ಇಲ್ಲಿ ಬತ್ತದೆ. ಹರಾಜು ನಡಸೋರು ಅವರ ಪಾಲು ಮುರ್ಕೊಂಡು ಮಿಕ್ಕಿದ್ದು ನಂಗೆ ಕೊಡ್ತಾರೆ."

"ಯಾವಾಗ್ಲಾ ಅರಾಜು?"

"ಆಗೋಯ್ತಲ್ಲ ಮಾವ, ನೀವು ಕಣ್ಣು ಮಿಟುಕ್ಸೋದ್ರೊಳಗೆ. ಕೂಗೋದೆಲ್ಲ ಮಿಷಿನ್ನೇ."

"ಕೂಗಿದ್ದು ಕೇಳ್ನಿಲ್ಲ, ಮಾಲು ಮುಟ್ನಿಲ್ಲ, ಇದೆಂಥ ಯಾಪಾರಾನ್ಲಾ!"

ಯೋಗಾನಂದ ನಗುತ್ತಾ ಟೀ ತರಲು ಹೋದ. ಅಂಕಯ್ಯನ ಕೈ ಸುಮ್ಮನಿರಬೇಕಲ್ಲ? ಮಗಳು ಬೇಡ ಬೇಡವೆಂದರೂ ಮೌಸು ಹಿಡಿದು ಗೊಬ್ಬರದ ಜಾಹೀರಾತು ಒತ್ತಿದ. ಗೊಬ್ಬರದ ಅಂಗಡಿಯೇ ತೆರೆದುಕೊಂಡಿತು. ಅಯ್ಯೋ ಶಿವನೇ! ಸೀರೆ ಒತ್ತಿದ, ಮೊಬೈಲು ಒತ್ತಿದ, ಮತ್ತೆ ಗೊಬ್ಬರಕ್ಕೇ ಬಂದ. ಬೀದಿಯಲ್ಲಿ ಹೋಗುತ್ತಿದ್ದ ನೆಂಟ ಗಂಗಯ್ಯನನ್ನೂ ಕರೆದು ಒತ್ತಿಸಿದ. ಟೀ ಬರುವ ಹೊತ್ತಿಗೆ ಇಬ್ಬರಿಗೂ ಬೆರಳು ನೋವು.

ಮರುದಿನ ಹರಾಜಿನವರು ಯೋಗಾನಂದನನ್ನು ಹೊರಗಟ್ಟಿದರು. ಜಾಹೀರಾತನ್ನು ಗಿರಾಕಿ ಒತ್ತಿದಾಗಲೆಲ್ಲ ಆ ಜಾಗ ಕೊಂಡವರು ಕಾಸು ಕೊಡಬೇಕು. ಜಾಗ ಮಾರುವವನ ಮನೆಯ ಕಂಪ್ಯೂಟರಿನಿಂದಲೇ ಹೀಗೆ ಒತ್ತಿದರೆ ಅದು ಅವರ ಲೆಕ್ಕದಲ್ಲಿ ಶುದ್ಧ ಮೋಸ. ಹುಡುಗ ಅಕ್ಕೂರಿಗೆ ಬಂದು ಜಗಲಿಯ ಮೇಲೆ ತಲೆ ತಗ್ಗಿಸಿ ಕೂತ.

"ಕೆಲ್ಸಿಲ್ದೋನಿಗೆ ಎಣ್ಣು ಕೊಡಾಕಾಯ್ತದಾ?" ಎಂದ ಅಂಕಯ್ಯ, ಕಷ್ಟಪಟ್ಟು ಗಂಭೀರವಾಗಿ.

ಸುಚಿತ್ರಾ ಒಳಗಿಂದ ಬಂದು ಸೊಂಟಕ್ಕೆ ಕೈಕೊಟ್ಟು ನಿಂತಳು. "ಅಪ್ಪಾ, ಮುಟ್ಟಿ ಕೆಡಿಸ್ದೋರ್ಯಾರು?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು.

ಅಂಕಯ್ಯ ಬೀದಿಯ ಕಡೆ ಒಮ್ಮೆ ನೋಡಿದ. ತನ್ನದೇ ಕಾನೂನು, ಎಲ್ಲಿಗೆ ಓಡಿಯಾನು?

"ಅಂತಾದ್ದು ಇನ್ನೊಂದು ಅರಾಜಿನ ಮಾರ್ಕೆಟ್ ಇಲ್ವೇನ್ಲಾ?"

"ಐತೆ ಮಾವ."

"ಅಲ್ಲಿಗೆ ಸೇರ್ಕೊ. ನಿಮ್ಮವ್ವಂಗೆ ಯೋಳು, ಎಲೆ ಅಡ್ಕೆ ತಕ್ಕೊಂಡು ಬರ್ಲಿ." ಅಂಕಯ್ಯ ಎದ್ದು ಪಂಚೆ ಕೊಡವಿಕೊಂಡ. "ಆದ್ರೆ ಒಂದ್ ಮಾತು ಅಳಿಯಾ. ಮದ್ವೆ ಆದ್ಮೇಲೂ ನನ್ನ ಮಾತ್ರ ಆ ಕಂಪ್ಯೂಟ್ರು ತಾವ ಬುಡ್ಬೇಡ."