ನಿಧಾನಕ್ಕೆ ಓಡುತ್ತಿದ್ದ ಜಿರಳೆಗಳು

ಅಪ್ಪನ ಸಾಕು ಹಲ್ಲಿ ತಿನ್ನುವ ಮಿಡತೆ ಡಬ್ಬಿಗೆ ಆರು ಬ್ರೆಡ್ಡಿನ ದುಡ್ಡು. ಕ್ಯಾಲ್ಸಿಯಂ ಪುಡಿಗೆ ಎಂಟು ಬ್ರೆಡ್ಡಿನದು. ಬೇಕರಿಯಲ್ಲಿ ದುಡಿಯುವ ಮಗ ಏನನ್ನೇ ಆದರೂ ಲೆಕ್ಕ ಹಾಕುವುದು ಬ್ರೆಡ್ಡಿನಲ್ಲೇ.

“ಒಂದು ಹಲ್ಲಿಗೆ ಇಷ್ಟೊಂದಾ? ಗೋಡೆ ಮೇಲಿನ ಹಲ್ಲಿಗೆ ಯಾರಪ್ಪಾ ಪುಡಿ ಹಾಕ್ತಾರೆ?”

ಅಪ್ಪ ಗಡಿಯಾರ ರಿಪೇರಿಯವರು. ಅಮ್ಮ ತೀರಿಹೋದ ಮೇಲೆ ಅವರು ಮನಬಿಚ್ಚಿ ಮಾತಾಡುತ್ತಿದ್ದುದು ಗಾಜಿನ ಪೆಟ್ಟಿಗೆಯಲ್ಲಿದ್ದ ಗೆಕ್ಕೊ ಎಂಬ ಆ ಹಲ್ಲಿಯ ಜೊತೆ ಮಾತ್ರ. ಗಡಿಯಾರದ ಗಂಟೆ ಮುಳ್ಳಿನ ಹಾಗೆ ನಡೆದದ್ದೇ ತಿಳಿಯದಷ್ಟು ನಿಧಾನ ಎಂದು ಅದಕ್ಕೆ ‘ಸಣ್ಣಮುಳ್ಳು’ ಎಂದು ಹೆಸರಿಟ್ಟಿದ್ದರು. ದಿನ ಬಿಟ್ಟು ದಿನ ಸಂಜೆ, ಮಿಡತೆಗೆ ಪುಡಿ ಸವರಿ, ರಿಪೇರಿಯ ಚಿಮಟದಲ್ಲೇ ತಿನ್ನಿಸುತ್ತಿದ್ದರು.

ಅಪ್ಪ ಕಣ್ಣಿನ ಆಪರೇಷನ್‌ಗೆ ಹೋದಾಗ ಡಬ್ಬಿ ಖಾಲಿಯಾಯಿತು. ಮಗ ಬೇಕರಿಯಿಂದ ಜಿರಳೆ ತಂದು ಹಾಕಿದ.

ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಅಪ್ಪ ಮನೆಗೆ ಬಂದ ದಿನ ಗೆಕ್ಕೊ ಕಾಲು ನಡುಗಿಸುತ್ತಾ ಬಿದ್ದಿತ್ತು. ಮಗ ಪಕ್ಕದ ಮನೆಯ ಅಕ್ಕನನ್ನು ಕರೆತಂದ. ಆಕೆ ಪ್ರಾಣಿಗಳ ಆಸ್ಪತ್ರೆಯಲ್ಲಿ ನರ್ಸ್.

“ಏನು ತಿನ್ನಿಸ್ದೆ ತಮ್ಮಾ?”

“ಜಿರಳೆ ಅಕ್ಕಾ. ಜೀವ ಇರೋದೇ. ಪುಕ್ಕಟೆ ಸಿಕ್ತು.”

“ಕೈಗೆ ಹೇಗೆ ಸಿಕ್ತು? ನಮ್ಮನೇಲಿ ಚಪ್ಪಲಿಗೂ ಸಿಗಲ್ಲ!”

“ಇವು ಪಾಪದವು. ನಿಧಾನಕ್ಕೆ ಓಡ್ತಿದ್ವು.”

ಅಕ್ಕನ ಮುಖದ ನಗು ಮಾಯವಾಯಿತು. “ಬೇಕರಿಲಿ ಔಷಧಿ ಹೊಡೆದಿದ್ರಾ?”

“ಹಿಂದಿನ ದಿನ...”

“ಆ ವಿಷಾನೇ ಇದರ ಹೊಟ್ಟೆಗೂ ಹೋಗಿದೆ ಕಣೋ.”

“ಸಣ್ಣಮುಳ್ಳು ಹೇಗಿದೆ?” ಅಪ್ಪ ಕುರ್ಚಿಯಿಂದಲೇ ಕೇಳಿದರು. “ನಂಗೆ ಕಾಣ್ತಿಲ್ಲ. ನೀನೇ ಹೇಳು.”

ಮಗ ಗೆಕ್ಕೊವನ್ನು ಎತ್ತಿಕೊಂಡ. ಅಕ್ಕನ ಜೊತೆ ಆಕೆಯ ಆಸ್ಪತ್ರೆಗೆ ಓಡಿದ. ತಡವಾಗಿತ್ತು, ಅದು ಉಳಿಯಲಿಲ್ಲ.

“ತಪ್ಪಾಯ್ತಪ್ಪಾ. ಇನ್ನೊಂದು ತರ್ತೀನಿ. ಅಕ್ಕ ಹೇಳ್ದಂಗೇ ಸಾಕ್ತೀನಿ.”

“ಬೇಡ,” ಎಂದ ಅಪ್ಪ ತಡಕಾಡಿ ಚಿಮಟವನ್ನು ಒರೆಸಿ ಒಳಗಿಟ್ಟರು.

ಗೆಕ್ಕೊ ಸಾಕುವವರೇ, ಮನೆ, ಅಂಗಡಿ, ಚರಂಡಿಯ ಹುಳ ಹಿಡಿದು ಹಾಕಬೇಡಿ. ಆಹಾರಕ್ಕೆಂದೇ ಸಾಕಿದ ಮಿಡತೆ, ಹಿಟ್ಟಿನ ಹುಳ (ಮೀಲ್‌ವರ್ಮ್) ಮಾತ್ರ ಕೊಡಿ. ಹುಳ ಗೆಕ್ಕೊವಿನ ಎರಡು ಕಣ್ಣುಗಳ ನಡುವಿನ ಅಗಲಕ್ಕಿಂತ ದೊಡ್ಡದಿರಬಾರದು. ಮರಿಗೆ ದಿನವೂ, ಬೆಳೆದದ್ದಕ್ಕೆ ದಿನ ಬಿಟ್ಟು ದಿನ ಸಾಕು. ತಿನ್ನದೆ ಉಳಿದ ಹುಳವನ್ನು ತೆಗೆದುಬಿಡಿ, ಅದೇ ಗೆಕ್ಕೊವನ್ನು ಕಚ್ಚೀತು. ಊರಿಗೆ ಹೋಗುವಾಗ ಇದನ್ನೆಲ್ಲ ಮನೆಯವರಿಗೆ ಬರೆದಿಟ್ಟು ಹೋಗಿ. ಈ ಅಪ್ಪ ಬರೆದಿಟ್ಟಿರಲಿಲ್ಲ.

ಆ ಮನೆಯಲ್ಲಿ ಆರು ಬ್ರೆಡ್ಡಿನ ದುಡ್ಡು ಉಳಿಯಿತು. ಅಪ್ಪ ಈಗ ಯಾರ ಜೊತೆಯೂ ಮಾತಾಡುವುದಿಲ್ಲ.